ಒಂದೇ ನಾಯಿ, ಎರಡು ಕಾಯಿಲೆ: ಡ್ರೈ ಫುಡ್ ಬಗ್ಗೆ ಮಂಡ್ಯದ ಒಂದು ಪ್ರಕರಣ

"ಡಾಕ್ಟ್ರೇ, ಈ ಡ್ರೈ ಫುಡ್ ನಾಯಿಗೆ ಒಳ್ಳೇದಾ, ಕೆಟ್ಟದ್ದಾ?" ಮೈಸೂರಿನಲ್ಲಿ ಸಾಕುಪ್ರಾಣಿಗಳಿಗೆ ಚಿಕಿತ್ಸೆ ಕೊಡುವ ಪಶುವೈದ್ಯನಾದ ನನ್ನನ್ನು ಜನ ತುಂಬಾ ಕೇಳುವ ಪ್ರಶ್ನೆ ಇದು. ಡ್ರೈ ಫುಡ್ ಅಂದರೆ ಪ್ಯಾಕೆಟ್‌ನಲ್ಲಿ ಬರುವ, ಕಾಳಿನ ಹಾಗಿರುವ ಒಣ ನಾಯಿ ಆಹಾರ. ಈ ಪ್ರಶ್ನೆಗೆ ಒಂದೇ ಮಾತಿನಲ್ಲಿ ಉತ್ತರ ಕೊಡುವ ವಿಡಿಯೋಗಳು ಬೇಕಾದಷ್ಟಿವೆ. ಕೆಲವರು ವಿಷ ಅನ್ನುತ್ತಾರೆ, ಕೆಲವರು ಅಮೃತ ಅನ್ನುತ್ತಾರೆ. ನಾನು ಇಲ್ಲಿ ಬರೆಯುತ್ತಿರುವ ನಾಯಿ ಡ್ರೈ ಫುಡ್ ನಿಲ್ಲಿಸಿದ್ದರಿಂದ ಒಮ್ಮೆ ಕಾಯಿಲೆ ಬಿತ್ತು. ದೊಡ್ಡದಾದ ಮೇಲೆ ಡ್ರೈ ಫುಡ್ ತಿಂದೇ ಮತ್ತೊಮ್ಮೆ ಕಾಯಿಲೆ ಬಿತ್ತು. ಎರಡನ್ನೂ ಒಟ್ಟಿಗೆ ನೋಡಿದರೆ ಕಲಿಯುವುದಕ್ಕೆ ತುಂಬಾ ಇದೆ. ಮನೆಯವರ ಒಪ್ಪಿಗೆ ಪಡೆದು ಬರೆದಿದ್ದೇನೆ. ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ. ನಾಯಿಯನ್ನು ಚಿನ್ನಿ ಎಂದು ಕರೆಯೋಣ.

ಹಿನ್ನೆಲೆ

ಮಂಡ್ಯ ಜಿಲ್ಲೆಯಲ್ಲಿ ವಿಶ್ವೇಶ್ವರಯ್ಯ ನಾಲೆಯ ಬಯಲಿಗೆ ಸೇರಿದ ಒಂದು ಊರು. ಕಬ್ಬು, ಭತ್ತ, ಕೊಟ್ಟಿಗೆಯಲ್ಲಿ ಹಸುಗಳು ಇರುವ ಮನೆ. ಅಜ್ಜಿ, ಯಜಮಾನರು, ಅವರ ಹೆಂಡತಿ, ಮೈಸೂರಿನ ಕಾರ್ಖಾನೆಗೆ ಕೆಲಸಕ್ಕೆ ಹೋಗಿಬರುವ ಮಗ. ಹಿಂದೆಲ್ಲ ಈ ಮನೆಯಲ್ಲಿ ನಾಟಿ ನಾಯಿಗಳೇ ಇದ್ದವು. ಮಗನಿಗೆ ಲ್ಯಾಬ್ರಡಾರ್ ಮೇಲೆ ಆಸೆ. ಎರಡು ತಿಂಗಳ ಹೆಣ್ಣು ಮರಿಯನ್ನು ಮೈಸೂರಿನಿಂದ ತಂದರು. ಮರಿ ಮಾರಿದವರು ಮರಿಗಳಿಗೇ ಮಾಡಿದ ಡ್ರೈ ಫುಡ್‌ನ ಒಂದು ಸಣ್ಣ ಪ್ಯಾಕೆಟ್ ಕೊಟ್ಟು, ಇದನ್ನೇ ಮುಂದುವರಿಸಿ ಎಂದಿದ್ದರು.

ಆ ಪ್ಯಾಕೆಟ್ ಮುಗಿಯುವವರೆಗೆ ಎಲ್ಲ ಸರಿಯಿತ್ತು. ಮುಗಿದ ಮೇಲೆ ಹತ್ತಿರದ ಅಂಗಡಿಯೊಂದರಲ್ಲಿ ಬಿಡಿಯಾಗಿ ತೂಗಿ ಕೊಡುವ ಕಾಳು ತಂದರು. ದೊಡ್ಡ ಮೂಟೆಯಿಂದ ತೆಗೆದು ಪ್ಲಾಸ್ಟಿಕ್ ಕವರಿಗೆ ತುಂಬಿದ್ದು. ಅದರ ಮೇಲೆ ಹೆಸರಿಲ್ಲ, ತಯಾರಾದ ತಾರೀಖಿಲ್ಲ. ಮರಿಯದ್ದೋ ದೊಡ್ಡ ನಾಯಿಯದ್ದೋ ಗೊತ್ತಿಲ್ಲ. ಈ ಕಾಳಿನ ಮೇಲೆ ಕೊಬ್ಬು ಸವರಿರುತ್ತಾರೆ. ಗಾಳಿ, ಬೆಳಕು ತಾಗುತ್ತಾ ಹೋದರೆ ಆ ಕೊಬ್ಬು ಕಮಟುತ್ತದೆ. ತೇವ ಸೇರಿದರೆ ಬೂಷ್ಟು ಹಿಡಿಯುತ್ತದೆ, ಕೆಲವು ಬೂಷ್ಟು ಯಕೃತ್ತಿಗೆ ವಿಷ. ಮರಿಗೆ ಎರಡೇ ದಿನದಲ್ಲಿ ಭೇದಿ ಶುರುವಾಯಿತು. ಆಹಾರವನ್ನು ದಿಢೀರಂತ ಬದಲಿಸಿದ್ದಕ್ಕೂ ಆಗಿರಬಹುದು, ಕಾಳು ಕೆಟ್ಟಿದ್ದಕ್ಕೂ ಆಗಿರಬಹುದು.

ಅದೇ ವಾರ ಮನೆಯವರ ಫೋನಿಗೆ ಒಂದು ವಿಡಿಯೋ ಬಂತು. ಡ್ರೈ ಫುಡ್‌ನಿಂದ ಕಿಡ್ನಿ ಹೋಗುತ್ತದೆ, ಕ್ಯಾನ್ಸರ್ ಬರುತ್ತದೆ, ನಾಯಿಗೆ ಮನೆ ಊಟವೇ ಸರಿ ಎಂಬ ಮಾತು. ಭೇದಿ ಕಣ್ಣೆದುರಿಗೇ ಇತ್ತು, ವಿಡಿಯೋ ಕೈಯಲ್ಲಿತ್ತು. ಡ್ರೈ ಫುಡ್ ನಿಂತಿತು. ಮೂಳೆ ತೆಗೆದು ಬೇಯಿಸಿದ ಕೋಳಿ, ಅನ್ನ, ಒಂದು ಲೋಟ ಹಾಲು. ಪ್ರೀತಿಯಿಂದ, ಖರ್ಚು ಮಾಡಿ, ದಿನಾ ಬಿಸಿಯಾಗಿ ಹಾಕಿದರು. ಭೇದಿ ನಿಂತಿತು. ಮರಿ ತಟ್ಟೆ ನೆಕ್ಕಿ ತಿನ್ನುತ್ತಿತ್ತು. ಮನೆಯವರಿಗೆ ತಾವು ಮಾಡಿದ್ದೇ ಸರಿ ಎಂದು ಖಾತ್ರಿಯಾಯಿತು.

ಮೊದಲ ಕಾಯಿಲೆ

ನಾಲ್ಕೂವರೆ ತಿಂಗಳಿಗೆ ಚಿನ್ನಿ ಕುಂಟಲು ಶುರುಮಾಡಿದಳು. ಮೆಟ್ಟಿಲು ಹತ್ತುತ್ತಿರಲಿಲ್ಲ. ಎತ್ತಿಕೊಳ್ಳಲು ಹೋದರೆ ಅಳುತ್ತಿದ್ದಳು. ಮುಂದಿನ ಕಾಲುಗಳು ಸೊಟ್ಟಗೆ ಕಾಣುತ್ತಿದ್ದವು. ಬಿದ್ದು ಪೆಟ್ಟಾಗಿರಬೇಕು ಎಂದುಕೊಂಡು ಮೈಸೂರಿಗೆ ಕರೆತಂದರು. ತೂಕ 14 ಕೆಜಿ. ಮೈ ತುಂಬಿಕೊಂಡು ಚೆನ್ನಾಗಿಯೇ ಇದ್ದಳು, ಹೊಟ್ಟೆಗಿಲ್ಲದ ಮರಿಯ ಹಾಗೆ ಇರಲೇ ಇಲ್ಲ. ಎಕ್ಸ್‌ರೇ ತೆಗೆದರೆ ಮೂಳೆ ಬೆಳ್ಳಗೆ ಎದ್ದು ಕಾಣುತ್ತಿರಲಿಲ್ಲ. ಸುತ್ತಲಿನ ಮಾಂಸಕ್ಕೂ ಮೂಳೆಗೂ ವ್ಯತ್ಯಾಸವೇ ಕಡಿಮೆ. ಮೂಳೆಯ ಹೊರಪದರ ತೆಳುವಾಗಿತ್ತು. ಮುಂಗಾಲಿನ ಒಂದು ಕಡೆ ಮೂಳೆ ಮುರಿದಿರಲಿಲ್ಲ, ಮಡಿಚಿಕೊಂಡಿತ್ತು.

ರಕ್ತದಲ್ಲಿ ಕ್ಯಾಲ್ಸಿಯಂ ಸರಿಯಾಗಿಯೇ ಇತ್ತು. ಮಗ ರಿಪೋರ್ಟ್ ಹಿಡಿದುಕೊಂಡು ಕೇಳಿದರು: "ಸಾರ್, ಕ್ಯಾಲ್ಸಿಯಂ ನಾರ್ಮಲ್ ಅಂತ ಬಂದಿದೆ. ಮತ್ತೆ ಮೂಳೆ ಯಾಕೆ ಹೀಗಾಯ್ತು?" ತುಂಬಾ ಸರಿಯಾದ ಪ್ರಶ್ನೆ. ರಕ್ತದಲ್ಲಿ ಕ್ಯಾಲ್ಸಿಯಂ ಕಡಿಮೆಯಾಗಲು ದೇಹ ಬಿಡುವುದಿಲ್ಲ, ಕಡಿಮೆಯಾದರೆ ಹೃದಯ, ಸ್ನಾಯು ಕೆಲಸ ಮಾಡುವುದಿಲ್ಲ. ಊಟದಲ್ಲಿ ಸಿಗದಿದ್ದರೆ ಕತ್ತಿನಲ್ಲಿರುವ ಪ್ಯಾರಾಥೈರಾಯ್ಡ್ ಗ್ರಂಥಿಗಳ ಹಾರ್ಮೋನ್ ಮೂಳೆಯಿಂದ ಕ್ಯಾಲ್ಸಿಯಂ ಎಳೆದು ರಕ್ತಕ್ಕೆ ಕೊಡುತ್ತದೆ. ರಿಪೋರ್ಟ್ ಚೆನ್ನಾಗಿ ಬರುತ್ತದೆ, ಮೂಳೆ ಖಾಲಿಯಾಗುತ್ತದೆ.

ಮನೆಯವರು ಒಪ್ಪಲಿಲ್ಲ. ಅಜ್ಜಿಯೂ ಜೊತೆಗೆ ಬಂದಿದ್ದರು. "ಡಾಕ್ಟ್ರಪ್ಪ, ನಮ್ಮನೇಲಿದ್ದ ನಾಯ್ಗಳೆಲ್ಲ ಮುದ್ದೆ ತಿಂದ್ಕಂಡೇ ಬದುಕಿದ್ವು. ಒಂದರ ಕಾಲೂ ಸೊಟ್ಟಗಾಗ್ನಿಲ್ಲ. ಈ ಮರಿಗೆ ದಿನಾ ಕೋಳಿ ಹಾಕಿವ್ನಿ." ಈ ಮಾತನ್ನು ತಳ್ಳಿಹಾಕುವುದು ಸುಲಭ, ಆದರೆ ಅದರಲ್ಲಿ ಸತ್ಯವಿದೆ. ಹಳ್ಳಿಯ ನಾಟಿ ನಾಯಿ ಮುದ್ದೆಯೊಂದನ್ನೇ ತಿಂದು ಬದುಕಿದ್ದಲ್ಲ. ಊರೆಲ್ಲ ಸುತ್ತಿ ಹಸಿ ಮೂಳೆ, ಕರುಳು, ಇಲಿ, ಸತ್ತ ಕೋಳಿ ತಿನ್ನುತ್ತಿತ್ತು. ಅದರ ಮೈ ಸಣ್ಣದು, ಬೆಳೆಯುವುದೂ ನಿಧಾನ. ಹುಟ್ಟಿದ ಮರಿಗಳಲ್ಲಿ ಉಳಿದವು ಮಾತ್ರ ನಮ್ಮ ನೆನಪಿನಲ್ಲಿವೆ. ಲ್ಯಾಬ್ರಡಾರ್ ಮರಿ ಹುಟ್ಟುವಾಗ ಅರ್ಧ ಕೆಜಿಯೂ ಇರುವುದಿಲ್ಲ, ಒಂದು ವರ್ಷದೊಳಗೆ 25 ಕೆಜಿ ದಾಟುತ್ತದೆ. ಅಷ್ಟು ಮೂಳೆ ಅಷ್ಟು ಬೇಗ ಕಟ್ಟಬೇಕು. ಈ ಚಿನ್ನಿಯೋ ಕಾಂಪೌಂಡ್ ದಾಟಿ ಹೊರಗೆ ಹೋಗುವವಳೇ ಅಲ್ಲ. ತಟ್ಟೆಯಲ್ಲಿ ಏನು ಬೀಳುತ್ತದೋ ಅಷ್ಟೇ ಅವಳಿಗೆ ಸಿಗುವುದು.

ಪ್ರಕರಣ ತಿರುಗಿದ್ದು ಲೆಕ್ಕ ಬರೆದಾಗ. ಕಾಗದ ತೆಗೆದು ಅವಳ ಒಂದು ದಿನದ ಊಟವನ್ನು ಮನೆಯವರೆದುರಿಗೇ ಬರೆದೆ. 350 ಗ್ರಾಂ ಕೋಳಿ, 250 ಗ್ರಾಂ ಅನ್ನ, 200 ಮಿಲಿ ಹಾಲು. ಒಟ್ಟು ಸುಮಾರು 1000 ಕ್ಯಾಲರಿ. ಆ ವಯಸ್ಸಿಗೆ, ಆ ತೂಕಕ್ಕೆ ಸಾಕು. ಅದಕ್ಕೇ ಮೈ ತುಂಬಿಕೊಂಡಿತ್ತು. ಆದರೆ ಬೆಳೆಯುವ ಮರಿಗೆ ಪ್ರತಿ 1000 ಕ್ಯಾಲರಿಗೆ ಕನಿಷ್ಠ 3 ಗ್ರಾಂ, ಅಂದರೆ 3000 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. ಹಾಲಿನಿಂದ ಸುಮಾರು 240, ಕೋಳಿಯಿಂದ 50, ಅನ್ನದಿಂದ 25. ಎಲ್ಲ ಸೇರಿ 315 ಮಿಲಿಗ್ರಾಂ. ಬೇಕಾದ್ದರಲ್ಲಿ ಹತ್ತನೇ ಒಂದು ಭಾಗ. ಅದರ ಮೇಲೆ ಮಾಂಸದಲ್ಲಿ ರಂಜಕ (ಫಾಸ್ಫರಸ್) ಜಾಸ್ತಿ. ಊಟದಲ್ಲಿ ಕ್ಯಾಲ್ಸಿಯಂ ರಂಜಕಕ್ಕಿಂತ ಕಡಿಮೆ ಇರಬಾರದು, ಇಲ್ಲಿ ರಂಜಕ ಅದರ ಮೂರು ಪಟ್ಟು ಇತ್ತು. ಹಾಗಾದಾಗ ಮೂಳೆ ಇನ್ನೂ ಬೇಗ ಕರಗುತ್ತದೆ.

"ರಾಗೀಲಿ ಕ್ಯಾಲ್ಸಿಯಂ ಅದೆ ಅಂತಾರಲ್ಲ, ಮುದ್ದೆ ಹಾಕಿದ್ರೆ?" ಅಂದರು ಅಜ್ಜಿ. ಇದೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ. ಧಾನ್ಯಗಳಲ್ಲಿ ಇಷ್ಟು ಇನ್ನಾವುದರಲ್ಲೂ ಇಲ್ಲ. ಆದರೂ 3000 ಮುಟ್ಟಲು ಆ ಮರಿ ದಿನಕ್ಕೆ ಮುಕ್ಕಾಲು ಕೆಜಿಗೂ ಜಾಸ್ತಿ ಹಿಟ್ಟಿನ ಮುದ್ದೆ ತಿನ್ನಬೇಕು. ಅಜ್ಜಿಗೆ ಮುದ್ದೆಯ ಲೆಕ್ಕ ಯಾರೂ ಹೇಳಿಕೊಡಬೇಕಾಗಿಲ್ಲ. "ಅಷ್ಟು ನಮ್ಮ ಆಳುಗಳೂ ಉಣ್ಣಾಕಿಲ್ಲ ಕಣವ್ವಾ" ಎಂದು ಸೊಸೆಯ ಕಡೆ ತಿರುಗಿದರು. ಆ ಗಳಿಗೆಯಿಂದ ಮಾತು ಸುಲಭವಾಯಿತು.

ಏನು ಮಾಡಿದೆವು

ಯಜಮಾನರು ಎರಡು ಸಲಹೆ ಕೊಟ್ಟರು. ಹಸುವಿಗೆ ಹಾಕುವ ಖನಿಜ ಮಿಶ್ರಣದ ಪುಡಿ ಮನೆಯಲ್ಲಿದೆ, ಅದನ್ನೇ ಒಂದು ಚಮಚ ಹಾಕೋಣವಾ? ಮರಿಯನ್ನು ಎಳೆ ಬಿಸಿಲಿಗೆ ಬಿಡೋಣವಾ? ಹೈನು ಇರುವ ಮನೆಗಳಲ್ಲಿ ಮೊದಲನೆಯದು ತುಂಬಾ ಸಹಜ, ಅದಕ್ಕೇ ಬಿಡಿಸಿ ಹೇಳುತ್ತೇನೆ. ಆ ಪುಡಿ ಹಸುವಿನ ಹೊಟ್ಟೆಗೆ, ಹಸುವಿನ ತೂಕಕ್ಕೆ ಮಾಡಿದ್ದು. ದೊಡ್ಡ ತಳಿಯ ಎಳೆ ಮರಿಗೆ ಕ್ಯಾಲ್ಸಿಯಂ ಕಡಿಮೆಯಾದರೆ ಎಷ್ಟು ಕೆಟ್ಟದ್ದೋ ಜಾಸ್ತಿಯಾದರೂ ಅಷ್ಟೇ ಕೆಟ್ಟದ್ದು. ಬಂದದ್ದನ್ನು ಬೇಡ ಎಂದು ಬಿಡುವ ಶಕ್ತಿ ಅದರ ಕರುಳಿಗೆ ಇನ್ನೂ ಬಂದಿರುವುದಿಲ್ಲ. ಅಂಗಡಿಯ ಕ್ಯಾಲ್ಸಿಯಂ ಸಿರಪ್ಪನ್ನು ಒಳ್ಳೆಯ ಪಪ್ಪಿ ಫುಡ್ ಮೇಲೆ ಸುರಿಯುವುದೂ ಇದೇ ತಪ್ಪು. ಇನ್ನು ಬಿಸಿಲು. ನಮ್ಮ ಚರ್ಮ ಬಿಸಿಲಿಗೆ ವಿಟಮಿನ್ ಡಿ ಮಾಡಿಕೊಳ್ಳುತ್ತದೆ, ನಾಯಿಯ ಚರ್ಮಕ್ಕೆ ಸಾಕಾಗುವಷ್ಟು ಮಾಡಿಕೊಳ್ಳಲು ಆಗುವುದಿಲ್ಲ. ಅದು ಊಟದಲ್ಲೇ ಬರಬೇಕು.

ಮನೆ ಊಟವನ್ನೇ ಮುಂದುವರಿಸುವ ದಾರಿಯನ್ನೂ ಅವರ ಮುಂದಿಟ್ಟೆ. ಪಶು ಪೋಷಣೆ ಓದಿದವರಿಂದ ಅಳತೆ ಬರೆಸಿ, ನಾಯಿಗೇ ಮಾಡಿದ ಖನಿಜ ಮತ್ತು ವಿಟಮಿನ್ ಪುಡಿ ಸೇರಿಸಿ, ದಿನಾ ತೂಗಿ ಅಡುಗೆ ಮಾಡಬೇಕು. ಮನಸ್ಸಿಗೆ ಬಂದ ಹಾಗೆ ಮಾಡುವಂತಿಲ್ಲ. 2013ರಲ್ಲಿ ಅಮೆರಿಕದ ಡೇವಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು ನಾಯಿಗಳಿಗಾಗಿ ಪುಸ್ತಕಗಳಲ್ಲಿ, ಜಾಲತಾಣಗಳಲ್ಲಿ ಕೊಟ್ಟಿದ್ದ 200 ಮನೆ ಅಡುಗೆಗಳನ್ನು ಪರೀಕ್ಷಿಸಿದರು. 95 ಶೇಕಡಾ ಅಡುಗೆಗಳಲ್ಲಿ ಒಂದಾದರೂ ಅಗತ್ಯ ಪೋಷಕಾಂಶ ಕೊರತೆಯಿತ್ತು. ಬರೆದವರಲ್ಲಿ ಪಶುವೈದ್ಯರೂ ಇದ್ದರು. ಸೊಸೆ ಯೋಚಿಸಿ ಹೇಳಿದರು: "ಕಬ್ಬು ಕಡಿಯೋ ಟೈಮಲ್ಲಿ ನಮಗೇ ಊಟದ ಹೊತ್ತು ಗೊತ್ತಾಗಲ್ಲ ಡಾಕ್ಟ್ರೇ. ದಿನಾ ತೂಗಿ ಮಾಡೋದು ಆಗಲ್ಲ." ಇಂಥ ಪ್ರಾಮಾಣಿಕ ಉತ್ತರ ಚಿಕಿತ್ಸೆಯ ಅರ್ಧ ಭಾರ ಇಳಿಸುತ್ತದೆ. ಡ್ರೈ ಫುಡ್‌ಗೇ ವಾಪಸ್ ಹೋಗುವುದು ಎಂದಾಯಿತು.

ಅದನ್ನು ಹೇಗೆ ಮಾಡುತ್ತಾರೆ ಎಂದು ಮಗನಿಗೆ ತಿಳಿಯಬೇಕಿತ್ತು. ವಿಡಿಯೋದ ಹೆದರಿಕೆ ಇನ್ನೂ ಹೋಗಿರಲಿಲ್ಲ. ಧಾನ್ಯದ ಹಿಟ್ಟು, ಒಣಗಿಸಿದ ಮಾಂಸದ ಪುಡಿ, ಖನಿಜ, ವಿಟಮಿನ್ ಸೇರಿಸಿ ಹಬೆಯಲ್ಲಿ ಬೇಯಿಸುತ್ತಾರೆ. ಆಮೇಲೆ ಚಕ್ಕುಲಿ ಒರಳಿನಲ್ಲಿ ಒತ್ತುವ ಹಾಗೆ ಯಂತ್ರದಲ್ಲಿ ಒತ್ತಿ ತೂತಿನಿಂದ ಹೊರಗೆ ತಳ್ಳಿ ಕತ್ತರಿಸುತ್ತಾರೆ. ಬಿಸಿ ಗಾಳಿಯಲ್ಲಿ ಒಣಗಿಸಿ ಮೇಲೆ ಕೊಬ್ಬು, ರುಚಿ ಸವರುತ್ತಾರೆ. ಬಿಸಿಗೆ ಕೆಲವು ವಿಟಮಿನ್ ಹಾಳಾಗುತ್ತವೆ, ಅದನ್ನು ಲೆಕ್ಕ ಹಿಡಿದು ಮೊದಲೇ ಜಾಸ್ತಿ ಹಾಕಿರುತ್ತಾರೆ. ಕಾಳಿನ ಆಕಾರ ನಿಲ್ಲಲು ಪಿಷ್ಟ ಬೇಕೇ ಬೇಕು. ನಾಯಿಗೆ ಪಿಷ್ಟ ಅರಗುವುದಿಲ್ಲ ಎಂಬ ಮಾತು ತಪ್ಪು. ಪಿಷ್ಟ ಅರಗಿಸುವ ಕಿಣ್ವದ ಜೀನ್ ತೋಳಕ್ಕಿಂತ ನಾಯಿಯಲ್ಲಿ ಎಷ್ಟೋ ಜಾಸ್ತಿ ಪ್ರತಿಗಳಲ್ಲಿದೆ ಎಂದು 2013ರಲ್ಲೇ ಪ್ರಕಟವಾಗಿದೆ. ಮನುಷ್ಯರ ಜೊತೆ ಬಾಳಿದ್ದರಿಂದ ಬಂದ ಬದಲಾವಣೆ ಅದು. ಆರೋಗ್ಯವಾಗಿರುವ ನಾಯಿಯ ಕಿಡ್ನಿ ಡ್ರೈ ಫುಡ್‌ನಿಂದ ಕೆಡುತ್ತದೆ ಎನ್ನುವುದಕ್ಕೂ ಆಧಾರವಿಲ್ಲ. ಕಾಳಿನಲ್ಲಿ ನೀರು ಶೇಕಡಾ 10ರಷ್ಟೇ ಇರುತ್ತದೆ, ಅದಕ್ಕೆ ಕುಡಿಯುವ ನೀರು ಸದಾ ಪಕ್ಕದಲ್ಲಿರಬೇಕು. ಹಾಗಂತ ಕಂಪನಿಗಳು ಮಾಡುವ ಆಹಾರ ಎಂದೂ ಮೋಸ ಮಾಡಿಲ್ಲ ಅನ್ನಲಾರೆ. 2007ರಲ್ಲಿ ಮೆಲಮೈನ್ ಎಂಬ ಕಾರ್ಖಾನೆಯ ರಾಸಾಯನಿಕ ಬೆರೆಸಿದ ಕಚ್ಚಾ ವಸ್ತುವಿನಿಂದ ಅಮೆರಿಕ, ಕೆನಡಾಗಳಲ್ಲಿ ನಾಯಿ ಬೆಕ್ಕುಗಳು ಕಿಡ್ನಿ ಹೋಗಿ ಸತ್ತವು, ಅದು ಹೆಚ್ಚಾಗಿ ಇದ್ದದ್ದು ಒದ್ದೆ ಆಹಾರದಲ್ಲಿ. ಕಂಪನಿಗಳು ಸರಕು ವಾಪಸ್ ಕರೆಸಿಕೊಂಡವು. ಪ್ಯಾಕೆಟ್ ಮೇಲೆ ಬ್ಯಾಚ್ ನಂಬರ್ ಇದ್ದದ್ದಕ್ಕೇ ಹಾಗೆ ವಾಪಸ್ ಕರೆಸಲು ಆಯಿತು. ಬಿಡಿ ಕಾಳು ಬೇಡ ಎಂದು ನಾನು ಇಷ್ಟು ಒತ್ತಿ ಹೇಳುವುದು ಇದಕ್ಕೇ.

ದೊಡ್ಡ ತಳಿಯ ಮರಿಗೆ ಪೂರ್ಣ ಆಹಾರ ಎಂದು ಬರೆದಿರುವ, ಸೀಲ್ ಒಡೆಯದ ಚೀಲ. ಕೋಳಿ ಅನ್ನದಲ್ಲಿ ಸ್ವಲ್ಪ ಸ್ವಲ್ಪ ಬೆರೆಸುತ್ತಾ ಒಂದು ವಾರದಲ್ಲಿ ಬದಲಾವಣೆ. ಓಡಾಟ, ಜಿಗಿತ ಬಂದ್. ನೋವಿಗೆ ಕೆಲವು ದಿನ ಔಷಧಿ. ಬೇರೆ ಏನೂ ಕೊಡಲಿಲ್ಲ. ಒಂದು ತಿಂಗಳ ನಂತರದ ಎಕ್ಸ್‌ರೇಯಲ್ಲಿ ಮೂಳೆ ಬೆಳ್ಳಗೆ ಕಾಣತೊಡಗಿತ್ತು. ಎಂಟು ತಿಂಗಳಿಗೆ ನಾಲೆ ಏರಿಯ ಮೇಲೆ ಓಡುತ್ತಿದ್ದಳು. ಎಡ ಮುಂಗಾಲಿನಲ್ಲಿ ಸಣ್ಣ ಸೊಟ್ಟ ಉಳಿಯಿತು.

ಎರಡನೇ ಕಾಯಿಲೆ

ಡ್ರೈ ಫುಡ್ ಮರಿಯನ್ನು ಉಳಿಸಿತು. ಅಲ್ಲಿಗೆ ಆ ಮನೆಯಲ್ಲಿ ಅದರ ಮೇಲೆ ನಂಬಿಕೆ ಎಷ್ಟು ಬೆಳೆಯಿತೆಂದರೆ ಅಳತೆಯ ಮಾತೇ ನಿಂತುಹೋಯಿತು. ಒಂದು ವರ್ಷ ದಾಟಿದ ಮೇಲೆ ಚಿನ್ನಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಆಯಿತು. ಅದಾದ ಮೇಲೆ ದೇಹಕ್ಕೆ ಬೇಕಾದ ಶಕ್ತಿ ಸುಮಾರು ಕಾಲು ಭಾಗ ಇಳಿಯುತ್ತದೆ, ಹಸಿವು ಇಳಿಯುವುದಿಲ್ಲ. ಲ್ಯಾಬ್ರಡಾರ್‌ಗಳಲ್ಲಿ ಸುಮಾರು ನಾಲ್ಕಕ್ಕೆ ಒಂದರಲ್ಲಿ, ಹೊಟ್ಟೆ ತುಂಬಿತು ಎಂದು ಮೆದುಳಿಗೆ ತಿಳಿಸುವ ಒಂದು ಜೀನ್ ಅರೆಬರೆಯಾಗಿರುತ್ತದೆ. 2016ರಲ್ಲಿ ಇದು ಗೊತ್ತಾಯಿತು. ಆ ತಳಿ ಹಸಿದ ಮುಖ ಮಾಡುವುದು ನಟನೆಯಲ್ಲ. ಅದಕ್ಕೆ ನಿಜವಾಗಿಯೂ ಹಸಿವು.

ಎರಡೂವರೆ ವರ್ಷಕ್ಕೆ ಅವಳ ತೂಕ 38 ಕೆಜಿ. ಅವಳ ಎಲುಬಿನ ಗೂಡಿಗೆ 28ರಿಂದ 29 ಸರಿ. ಪಕ್ಕೆಲುಬು ಕೈಗೆ ಸಿಗುತ್ತಿರಲಿಲ್ಲ. ಹಳೆಯ ಸೊಟ್ಟ ಕಾಲಿನ ಮೇಲೆ ಅಷ್ಟು ಭಾರ ಬಿದ್ದು ಮತ್ತೆ ಕುಂಟು. ಥೈರಾಯ್ಡ್ ಪರೀಕ್ಷೆ ಸರಿಯಾಗಿ ಬಂತು. ಅಲ್ಲಿಗೆ ಉಳಿದದ್ದು ತಟ್ಟೆ.

ಈ ಸಲ ಚೀಲವನ್ನೂ ಅಳತೆಯ ಪಾತ್ರೆಯನ್ನೂ ತರಲು ಹೇಳಿದೆ. ಮನೆಯ ಪಾವು ತಂದರು. ಕಾಳು ತುಂಬಿ ತಕ್ಕಡಿಗೆ ಹಾಕಿದರೆ ಒಂದು ಪಾವಿಗೆ 90 ಗ್ರಾಂ. ದಿನಕ್ಕೆ ಐದು ಪಾವು. ಚೀಲದ ಮೇಲೆ 100 ಗ್ರಾಂಗೆ 360 ಕ್ಯಾಲರಿ ಎಂದಿತ್ತು. ಅಲ್ಲಿಗೆ 1600 ದಾಟಿತು. ಅಜ್ಜಿಯ ಅರ್ಧ ಮುದ್ದೆ, ಟೀ ಹೊತ್ತಿಗೆ ಯಜಮಾನರ ಗ್ಲೂಕೋಸ್ ಬಿಸ್ಕತ್ತು ಸೇರಿ 1900ರ ಹತ್ತಿರ. ಅವಳಿಗೆ ಸಾಕಾಗುತ್ತಿದ್ದದ್ದು 1400ಕ್ಕೂ ಕಡಿಮೆ. ಮನೆಯಲ್ಲಿ ಯಾರೂ ಜಾಸ್ತಿ ಹಾಕುತ್ತಿರಲಿಲ್ಲ. ಪ್ರತಿಯೊಬ್ಬರೂ ಸ್ವಲ್ಪ ಸ್ವಲ್ಪವೇ ಹಾಕುತ್ತಿದ್ದರು.

ಚೀಲದ ಲೇಬಲ್ ಕೂಡ ಒಟ್ಟಿಗೆ ಓದಿದೆವು. ಶೇಕಡಾ ಲೆಕ್ಕದಲ್ಲಿ ಪ್ರೋಟೀನ್ 20, ಕೊಬ್ಬು 10, ನಾರು 5, ತೇವ 10. ಪಿಷ್ಟ ಎಷ್ಟು ಎಂದು ಎಲ್ಲೂ ಬರೆದಿಲ್ಲ. ಇದ್ದದ್ದನ್ನು ಕೂಡಿಸಿ, ಬೂದಿಯ ಅಂಶ, ಅಂದರೆ ಖನಿಜ, ಎಂದು ಒಂದು 8 ಸೇರಿಸಿ, 100ರಿಂದ ಕಳೆದರೆ 47. ಚೀಲದ ಅರ್ಧದಷ್ಟು ಪಿಷ್ಟ. ದಿನವಿಡೀ ಓಡುವ ನಾಯಿಗೆ ಇದರಿಂದ ತೊಂದರೆಯಿಲ್ಲ. ವರಾಂಡದಲ್ಲಿ ಮಲಗಿರುವ ನಾಯಿಗೆ ಇಷ್ಟು ಬೇಕಾಗಿಲ್ಲ. ಚೀಲದ ಹಿಂದಿನ ಪಟ್ಟಿ ಹೇಳುವ ಪ್ರಮಾಣವೂ ಬರೀ ಅಂದಾಜು. ಆಪರೇಷನ್ ಆದ, ಕೂತಲ್ಲೇ ಕೂರುವ ನಾಯಿಗೆ ಅದು ಬಹಳ ಸಲ ಜಾಸ್ತಿಯೇ ಆಗುತ್ತದೆ.

ಮಗ ದುಬಾರಿಯ, ಧಾನ್ಯವಿಲ್ಲದ ಚೀಲ ತರಲು ಹೊರಟಿದ್ದರು. ಬೇಡ ಎಂದೆ. ಧಾನ್ಯದ ಬದಲು ಬಟಾಣಿ, ಬೇಳೆ, ಆಲೂಗಡ್ಡೆ ತುಂಬಿದ ಆಹಾರ ತಿಂದ ಕೆಲವು ನಾಯಿಗಳಲ್ಲಿ ಹೃದಯ ಹಿಗ್ಗುವ ಕಾಯಿಲೆ ಕಂಡಿದ್ದರಿಂದ ಅಮೆರಿಕದ ಆಹಾರ ಮತ್ತು ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರಲ್ಲಿ ಅದರ ಬೆನ್ನು ಹತ್ತಿತು. ಅದೇ ಕಾರಣ ಎಂದು ಸಾಬೀತಾಗಿಲ್ಲ, ಅನುಮಾನ ಪೂರ್ತಿ ಹೋಗಿಯೂ ಇಲ್ಲ. ಕ್ಯಾಲರಿಯಂತೂ ಅದರಲ್ಲೂ ಇದೆ. ಚಿನ್ನಿಗೆ ಧಾನ್ಯದಿಂದ ಏನೂ ಆಗಿರಲಿಲ್ಲ.

ಮಾಡಿದ್ದು ಇಷ್ಟು. 28 ಕೆಜಿಯ ನಾಯಿ ಸುಮ್ನೆ ಕೂತಿದ್ದರೂ ಬೇಕಾಗುವ ಶಕ್ತಿ ಸುಮಾರು 850 ಕ್ಯಾಲರಿ, ಅಷ್ಟನ್ನೇ ದಿನದ ಮಿತಿ ಮಾಡಿದೆವು. ಹಳೆಯ ಕಾಳನ್ನೇ ಅರ್ಧ ಮಾಡಿದರೆ ಪ್ರೋಟೀನ್, ಖನಿಜ ಕೂಡ ಅರ್ಧವಾಗುತ್ತದೆ. ಅದಕ್ಕೆ ತೂಕ ಇಳಿಸಲೆಂದೇ ಪ್ರೋಟೀನ್, ನಾರು ಜಾಸ್ತಿ ಮಾಡಿದ, 100 ಗ್ರಾಂಗೆ 310 ಕ್ಯಾಲರಿಯ ಡ್ರೈ ಫುಡ್ ಆರಿಸಿದೆವು. ದಿನಕ್ಕೆ 245 ಗ್ರಾಂ. ಪಾವು ಬಿಟ್ಟು ತಕ್ಕಡಿ. ಬೆಳಿಗ್ಗೆಯೇ ತೂಗಿ ಒಂದು ಡಬ್ಬಿಗೆ ಹಾಕುವುದು, ಯಾರು ಕೊಟ್ಟರೂ ಆ ಡಬ್ಬಿಯಿಂದಲೇ. ಉಳಿದ 90 ಕ್ಯಾಲರಿ ಅಜ್ಜಿಯದ್ದು. ದೊಡ್ಡ ನಿಂಬೆಹಣ್ಣಿನಷ್ಟು ಮುದ್ದೆ, ಉಪ್ಪು, ಸಾರು ಎರಡೂ ಇಲ್ಲದೆ. ಅಜ್ಜಿಯ ಕೈ ತುತ್ತನ್ನು ಪೂರ್ತಿ ನಿಲ್ಲಿಸಿದ್ದರೆ ಯೋಜನೆ ಒಂದು ವಾರವೂ ನಡೆಯುತ್ತಿರಲಿಲ್ಲ. ಲೆಕ್ಕದಲ್ಲಿ ಅವರಿಗೊಂದು ಪಾಲು ಕೊಟ್ಟದ್ದೇ ಈ ಹಂತದಲ್ಲಿ ಕೆಲಸ ಮಾಡಿದ ನಿರ್ಧಾರ ಎಂದು ನನಗನ್ನಿಸುತ್ತದೆ.

ತಿಂಗಳಿಗೊಮ್ಮೆ ಊರಿನ ಅಕ್ಕಿ ಗಿರಣಿಯ ತೂಕದ ಯಂತ್ರದ ಮೇಲೆ ನಿಲ್ಲಿಸಿ ಫೋಟೋ ಕಳಿಸುತ್ತಿದ್ದರು. ಪಿತೃಪಕ್ಷದ ತಿಂಗಳು ತೂಕ ಅಲ್ಲೇ ನಿಂತಿತು. ನೆಂಟರೆಲ್ಲ ಎಲೆಯಲ್ಲಿದ್ದ ಬಾಡು, ಮೂಳೆ ಹಾಕಿದ್ದರು. ವಾಂತಿಯೂ ಆಯಿತು. ಬೆಂದ ಮೂಳೆ ಸೀಳಿ ಕರುಳಿಗೆ ಚುಚ್ಚುತ್ತದೆ, ಸಾರಿನ ಈರುಳ್ಳಿ ನಾಯಿಯ ಕೆಂಪು ರಕ್ತಕಣ ಒಡೆಯುತ್ತದೆ. ಮುಂದಿನ ಹಬ್ಬಗಳಲ್ಲಿ ಅವಳನ್ನು ಕೊಟ್ಟಿಗೆಯ ಕಡೆ ಕಟ್ಟಿದರು. ಎಂಟು ತಿಂಗಳಲ್ಲಿ 29.5 ಕೆಜಿಗೆ ಬಂದಳು. ಕುಂಟು ಹೋಯಿತು. ನೋವಿನ ಮಾತ್ರೆ ಈಗ ಬೇಕಾಗಿಲ್ಲ.

ಅಜ್ಜಿ ನಡುವೆ ಒಮ್ಮೆ, "ಹಿಂಗೆ ಹೊಟ್ಟೆ ಕಟ್ಟಿ ಬದುಕ್ಸಿ ಏನ್ ಬಂತಪ್ಪ?" ಎಂದು ಕೇಳಿದ್ದರು. ಅವರಿಗೆ ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ. 48 ಲ್ಯಾಬ್ರಡಾರ್‌ಗಳನ್ನು ಮರಿಯಿಂದ ಸಾಯುವವರೆಗೆ ನೋಡಿದ ಒಂದು ಅಧ್ಯಯನ 2002ರಲ್ಲಿ ಪ್ರಕಟವಾಯಿತು. ಎಲ್ಲಕ್ಕೂ ಒಂದೇ ಆಹಾರ. ಅರ್ಧದಷ್ಟು ನಾಯಿಗಳಿಗೆ ಮಾತ್ರ ಕಾಲು ಭಾಗ ಕಡಿಮೆ ಹಾಕಿದರು. ಕಡಿಮೆ ತಿಂದವು ಸುಮಾರು 13 ವರ್ಷ, ಉಳಿದವು ಸುಮಾರು 11 ವರ್ಷ ಬದುಕಿದವು. ಕೀಲು ನೋವೂ ತಡವಾಗಿ ಬಂತು. ಈ ಅಧ್ಯಯನ ಮಾಡಿಸಿದ್ದು ಡ್ರೈ ಫುಡ್ ಮಾಡುವ ಕಂಪನಿಯೇ. ಅದು ತೋರಿಸಿದ್ದು ಮಾತ್ರ ಕಡಿಮೆ ಹಾಕಿ ಎಂಬುದನ್ನು. ಅದಕ್ಕೇ ನಾನು ಅದನ್ನು ನಂಬುತ್ತೇನೆ.

ಇನ್ನೊಂದು ವಿಷಯ. ಇಷ್ಟು ವರ್ಷ ಗಟ್ಟಿ ಕಾಳು ತಿಂದರೂ ಚಿನ್ನಿಯ ಹಿಂದಿನ ಹಲ್ಲುಗಳಲ್ಲಿ ಪಾಚಿ ಕಟ್ಟಿದೆ. ಡ್ರೈ ಫುಡ್ ಹಲ್ಲು ಉಜ್ಜುತ್ತದೆ ಎಂಬುದನ್ನು ನಂಬಿ ಯಾರೂ ಬ್ರಷ್ ಬಿಡಬೇಡಿ.

ಕಳೆದ ಮಳೆಗಾಲದಲ್ಲಿ ಅದೇ ಮನೆಗೆ ನಾಲೆ ಏರಿಯಿಂದ ಒಂದು ನಾಟಿ ಮರಿ ಬಂದು ಸೇರಿದೆ. ಇದಕ್ಕೇನು ಹಾಕೋಣ ಎಂದು ಈ ಸಲ ಮೊದಲೇ ಕೇಳಿದರು. ಬೆಳೆಯುವವರೆಗೆ, ಅಂದರೆ ಒಂದು ವರ್ಷ, ಸೀಲ್ ಇರುವ ಪಪ್ಪಿ ಫುಡ್. ಆ ವಯಸ್ಸಿನಲ್ಲಿ ತಪ್ಪಿದರೆ ಮೂಳೆ ಮತ್ತೆ ನೆಟ್ಟಗಾಗುವ ಭರವಸೆ ಇಲ್ಲ. ಆಮೇಲೆ ಮನೆ ಊಟಕ್ಕೆ ಬದಲಿಸುವ ಆಸೆ ಸೊಸೆಗಿದೆ. ಅಳತೆ ಬರೆಸಿ, ಪುಡಿ ಸೇರಿಸಿ ಮಾಡುವುದಾದರೆ ನನ್ನದೇನೂ ತಕರಾರಿಲ್ಲ. ಚೀಲ ಒಡೆದ ತಾರೀಖನ್ನು ಅದರ ಮೇಲೇ ಬರೆದು, ಬಾಯಿ ಮಡಚಿ, ಡಬ್ಬಿಯೊಳಗಿಟ್ಟು, ಒಂದು ತಿಂಗಳಲ್ಲಿ ಮುಗಿಸುತ್ತಿದ್ದಾರೆ. ಎರಡು ನಾಯಿಗೂ ಬೇರೆ ಬೇರೆ ಡಬ್ಬಿ ಇದೆ.